ನಗು ಎಲ್ಲಿ ನಿಲ್ಲಬೇಕು? ಯುದ್ಧದ ವಿಡಂಬನೆ ಕಾದಂಬರಿಯನ್ನು ಟೀವಿಗೆ ತರುವ ಬಗೆ

ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ. ಈ ಗಾದೆ ಗೊತ್ತಿರುವವರಿಗೆ ‘ಕ್ಯಾಚ್-22’ ಕಾದಂಬರಿಯ ತಿರುಳು ಹೇಳುವುದು ಬಲು ಸುಲಭ. ಎರಡನೇ ಮಹಾಯುದ್ಧದ ಕಾಲ, ಇಟಲಿಯ ಕಡೆ. ಪಿಯನೋಸಾ ಅನ್ನುವ ಪುಟ್ಟ ದ್ವೀಪದಲ್ಲಿ ಅಮೆರಿಕದ ಬಾಂಬರ್ ವಿಮಾನಗಳ ಒಂದು ದಳ. ಅದರಲ್ಲಿ ಬಾಂಬ್ ಹಾಕುವ ಕೆಲಸ ಯೊಸಾರಿಯನ್ ಅನ್ನುವವನದು. ಅವನಿಗೆ ಸಾಯಲು ಇಷ್ಟವಿಲ್ಲ, ಮನೆಗೆ ಹೋಗಬೇಕು. ಹುಚ್ಚು ಹಿಡಿದವರನ್ನು ಹಾರಾಟಕ್ಕೆ ಕಳಿಸುವಂತಿಲ್ಲ ಅಂತ ನಿಯಮವಿದೆ. ಆದರೆ ‘ನನ್ನನ್ನು ಬಿಟ್ಟುಬಿಡಿ’ ಅಂತ ಅವನೇ ಬಂದು ಕೇಳಬೇಕು. ಕೇಳಿದ ಅಂದರೆ ಜೀವದ ಮೇಲೆ ಆಸೆಯಿದೆ, ತಲೆ ನೆಟ್ಟಗಿದೆ. ತಲೆ ನೆಟ್ಟಗಿದ್ದರೆ ಹಾರಲೇಬೇಕು.

ಜೋಸೆಫ್ ಹೆಲ್ಲರ್ ಇದನ್ನು 1961ರಲ್ಲಿ ಪ್ರಕಟಿಸಿದರು. ಅವರೂ ಯುದ್ಧದಲ್ಲಿ ಇದೇ ಕೆಲಸ ಮಾಡಿದವರು. ಕಾರ್ಸಿಕಾ ದ್ವೀಪದಿಂದ ಬಿ-25 ವಿಮಾನದಲ್ಲಿ 60 ಸಲ ಹಾರಿದ್ದರು. ಆ ಪುಸ್ತಕ 1970ರಲ್ಲಿ ಸಿನಿಮಾ ಆಯಿತು. 1973ರಲ್ಲಿ ಟೀವಿಗೆ ಅಂತ ಒಂದು ಪೈಲಟ್ ಎಪಿಸೋಡ್ (ಪರೀಕ್ಷೆಗೆ ಅಂತ ಮಾಡುವ ಮೊದಲ ಕಂತು) ಮಾಡಿದರು, ಅದು ಮುಂದುವರಿಯಲಿಲ್ಲ. 2019ರಲ್ಲಿ ಹುಲು ಅನ್ನುವ ಅಮೆರಿಕದ ಸ್ಟ್ರೀಮಿಂಗ್ ಸೇವೆಗಾಗಿ ಆರು ಕಂತಿನ ಸರಣಿ ಬಂತು. ಒಂದೇ ಪುಸ್ತಕವನ್ನು ಬೇರೆ ಬೇರೆ ಜನ ಬೇರೆ ಬೇರೆ ರೀತಿ ಕತ್ತರಿಸಿ ನೋಡಿದ್ದಾರೆ. ಚಿತ್ರಕಥೆ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ನೀವು ಯಾವ ಕಾದಂಬರಿ ಹಿಡಿದರೂ ಕೆಳಗಿನ ಹೆಜ್ಜೆಗಳು ಉಪಯೋಗಕ್ಕೆ ಬರುತ್ತವೆ. ಉದಾಹರಣೆಗಳನ್ನು ಮಾತ್ರ ನಾನು ಇದೊಂದೇ ಪುಸ್ತಕದಿಂದ ತೆಗೆದುಕೊಳ್ಳುತ್ತೇನೆ.

ಹೆಜ್ಜೆ 1: ಎರಡು ಸಲ ಓದಿ, ಎರಡನೇ ಸಲ ಗಡಿಯಾರ ಹುಡುಕಿ

ಮೊದಲ ಓದು ಸುಮ್ನೆ ಓದು. ಪೆನ್ನು ಹಿಡಿಯಬೇಡಿ. ಎಲ್ಲಿ ನಕ್ಕಿರಿ, ಎಲ್ಲಿ ಬೇಜಾರಾಯಿತು, ಎಲ್ಲಿ ಪುಸ್ತಕ ಮುಚ್ಚಿಡಬೇಕು ಅನ್ನಿಸಿತು, ಅಷ್ಟು ನೆನಪಿದ್ದರೆ ಸಾಕು. ನಾನಂತೂ ಮೊದಲ ಸಲ ಹತ್ತನೇ ಅಧ್ಯಾಯದ ಹೊತ್ತಿಗೆ ದಿಕ್ಕು ತಪ್ಪಿ ಪುಸ್ತಕವನ್ನು ಬದಿಗಿಟ್ಟಿದ್ದೆ. ಅದು ನನ್ನ ತಪ್ಪಲ್ಲ ಅಂತ ಆಮೇಲೆ ಗೊತ್ತಾಯಿತು. ಇದರಲ್ಲಿ 42 ಅಧ್ಯಾಯಗಳಿವೆ. ಹೆಚ್ಚಿನವಕ್ಕೆ ಒಬ್ಬೊಬ್ಬ ಮನುಷ್ಯನ ಹೆಸರಿದೆ. ಕಥೆ ಹಿಂದಕ್ಕೆ ಹೋಗುತ್ತದೆ, ಮುಂದಕ್ಕೆ ಜಿಗಿಯುತ್ತದೆ, ನಡೆದದ್ದೇ ಮತ್ತೆ ಬರುತ್ತದೆ. ಸತ್ತವನು ನಾಲ್ಕು ಅಧ್ಯಾಯ ಆದ ಮೇಲೆ ಎದ್ದು ಬಂದು ಮಾತಾಡುತ್ತಾನೆ.

ಎರಡನೇ ಓದಿನಲ್ಲಿ ಯಾವ ಘಟನೆ ಮೊದಲು, ಯಾವುದು ಆಮೇಲೆ ಅಂತ ಚೀಟಿ ಬರೆದು ಗೋಡೆಗೆ ಅಂಟಿಸಿ. ಇಲ್ಲಿ ತಾರೀಕು ನಂಬಿದರೆ ಕೆಟ್ಟಿರಿ. ನಂಬಬೇಕಾದದ್ದು ಬಾಂಬ್ ಹಾಕಿ ಬರುವ ಹಾರಾಟಗಳ, ಅಂದರೆ ಮಿಷನ್‌ಗಳ ಸಂಖ್ಯೆ. ಇಷ್ಟು ಮಿಷನ್ ಮುಗಿಸಿದರೆ ಮನೆಗೆ ಅಂತ ಒಂದು ಲೆಕ್ಕ ಇರುತ್ತದೆ. ಹುಡುಗರು ಆ ಲೆಕ್ಕದ ಹತ್ತಿರ ಬರುತ್ತಿದ್ದ ಹಾಗೆ ಅವರ ಮೇಲಧಿಕಾರಿ ಕರ್ನಲ್ ಕ್ಯಾಥ್‌ಕಾರ್ಟ್ ಅದನ್ನು ಏರಿಸುತ್ತಾನೆ. ಎರಡನೇ ಅಧ್ಯಾಯದಲ್ಲೇ 50 ಆಗಿದೆ. ಪುಸ್ತಕ ಮುಗಿಯುವ ಹೊತ್ತಿಗೆ 80. ಪ್ರತಿ ಚೀಟಿಯ ಮೂಲೆಯಲ್ಲಿ ಆ ಸಂಖ್ಯೆ ಬರೆಯಿರಿ. ಗೋಜಲು ತಾನಾಗಿ ಸಾಲುಗಟ್ಟುತ್ತದೆ.

ನಿಮ್ಮ ಕಾದಂಬರಿಯಲ್ಲೂ ಇಂಥ ಒಂದು ಗಡಿಯಾರ ಇದ್ದೇ ಇರುತ್ತದೆ. ಉಳಿದಿರುವ ಅಕ್ಕಿಯ ಮೂಟೆ ಇರಬಹುದು, ಬರದೇ ಇರುವ ರಜೆಯ ಚೀಟಿ ಇರಬಹುದು. ಹುಡುಕಿ.

ಹೆಜ್ಜೆ 2: ನಗು ನಿಲ್ಲುವ ಜಾಗವನ್ನು ಮೊದಲು ಬರೆಯಿರಿ

ಹೆಚ್ಚಿನವರು ಮೊದಲ ಕಂತಿನ ಮೊದಲ ಸೀನಿನಿಂದ ಶುರು ಮಾಡುತ್ತಾರೆ. ನನ್ನ ಮಾತು ಕೇಳಿ, ಹಾಗೆ ಮಾಡಬೇಡಿ. ಯುದ್ಧದ ಮೇಲೆ ಬರೆದ ಒಳ್ಳೆಯ ವಿಡಂಬನೆಯಲ್ಲಿ ಒಂದು ಕಡೆ ನಗು ಪೂರ್ತಿ ನಿಂತುಹೋಗುತ್ತದೆ. ಅದು ಯಾವುದು ಅಂತ ಮೊದಲು ಗೊತ್ತು ಮಾಡಿಕೊಳ್ಳಿ. ಆ ಸೀನನ್ನು ಪೂರ್ತಿ ಬರೆಯಿರಿ. ಉಳಿದದ್ದೆಲ್ಲ ಅದರ ಕಡೆಗೆ ಇಳಿಯುವ ಇಳಿಜಾರು.

ಇಲ್ಲಿ ಆ ಜಾಗ ಸ್ನೋಡನ್ ಅನ್ನುವ ಹುಡುಗನ ಸಾವು. ಫ್ರಾನ್ಸಿನ ಅವಿನ್ಯೋನ್ ಊರಿನ ಮೇಲಿನ ದಾಳಿಯಲ್ಲಿ ಅವನಿಗೆ ಗಾಯವಾಗುತ್ತದೆ. ಯೊಸಾರಿಯನ್ ವಿಮಾನದ ಹಿಂಭಾಗಕ್ಕೆ ತೆವಳಿಕೊಂಡು ಹೋಗುತ್ತಾನೆ. ತೊಡೆಯ ಗಾಯ ಕಾಣುತ್ತದೆ. ಅಚ್ಚುಕಟ್ಟಾಗಿ ಪಟ್ಟಿ ಕಟ್ಟುತ್ತಾನೆ. ಹುಡುಗ ‘ಚಳಿ, ಚಳಿ’ ಅನ್ನುತ್ತಲೇ ಇದ್ದಾನೆ. ಆಮೇಲೆ ಅವನ ಅಂಗಿಯ ಒಳಗಿನ ಇನ್ನೊಂದು ಗಾಯ ಕಾಣುತ್ತದೆ. ಅಷ್ಟು ಹೊತ್ತು ಆರೈಕೆ ಮಾಡಿದ್ದು ಬೇರೆ ಗಾಯಕ್ಕೆ.

ಹೆಲ್ಲರ್ ಇದನ್ನು ಪುಸ್ತಕದ ಉದ್ದಕ್ಕೂ ಚೂರು ಚೂರಾಗಿ ತೋರಿಸುತ್ತಾರೆ. ಪೂರ್ತಿಯಾಗಿ ತೋರಿಸುವುದು 41ನೇ ಅಧ್ಯಾಯದಲ್ಲಿ. ಅಷ್ಟರೊಳಗೆ ಓದುಗ ಇದೇ ಸಾವಿನ ಸುತ್ತಮುತ್ತ ಹಲವು ಸಲ ನಕ್ಕಿರುತ್ತಾನೆ. ಯೊಸಾರಿಯನ್ ಬರಿ ಮೈಯಲ್ಲಿ ನಿಂತು ಜನರಲ್ ಕೈಯಿಂದ ಪದಕ ತೆಗೆದುಕೊಳ್ಳುತ್ತಾನೆ. ನಗು ಬರುತ್ತದೆ. ಸಮವಸ್ತ್ರದ ತುಂಬ ಆ ಹುಡುಗನ ರಕ್ತವಾಗಿದೆ, ಅದಕ್ಕೇ ಹಾಕಿಕೊಳ್ಳುತ್ತಿಲ್ಲ. ಸ್ನೋಡನ್‌ನನ್ನು ಮಣ್ಣು ಮಾಡುವಾಗಲೂ ಹಾಗೇ ಮರ ಹತ್ತಿ ಕೂತಿರುತ್ತಾನೆ. ಅಲ್ಲಿಗೆ ಮೈಲೋ ಅನ್ನುವ ವ್ಯಾಪಾರಿ ಬುದ್ಧಿಯವನು ಹತ್ತಿ ಬರುತ್ತಾನೆ. ಚಾಕೊಲೇಟ್ ಮೆತ್ತಿದ ಹತ್ತಿಯನ್ನು ತಿಂದು ನೋಡು, ಹೇಗಿದೆ ಹೇಳು ಅಂತ ಪೀಡಿಸುತ್ತಾನೆ. ಕೊಂಡ ಹತ್ತಿ ಮಾರಾಟವಾಗುತ್ತಿಲ್ಲ, ಪಾಪ. ಕೆಳಗೆ ಗುಂಡಿಗೆ ಮಣ್ಣು ಬೀಳುತ್ತಿದೆ.

ಇದನ್ನು ನಾನು ಸಾಲದ ಪುಸ್ತಕ ಅಂತ ಕರೆಯುತ್ತೇನೆ. ಪ್ರತಿ ನಗುವೂ ಒಂದು ಸಾಲ. ಕೊನೆಗೆ ಬಡ್ಡಿ ಸಮೇತ ವಸೂಲಾಗಬೇಕು. ಒಂದು ಹಾಳೆಯ ಎಡಕ್ಕೆ ತಮಾಷೆ ಬರೆಯಿರಿ. ಬಲಕ್ಕೆ ಅದಕ್ಕೆ ಯಾರು, ಯಾವಾಗ ಬೆಲೆ ತೆರುತ್ತಾರೆ ಅಂತ ಬರೆಯಿರಿ. ಬಲಗಡೆ ಖಾಲಿ ಉಳಿದ ತಮಾಷೆಗಳನ್ನು, ಎಷ್ಟೇ ಚೆನ್ನಾಗಿರಲಿ, ಅನುಮಾನದಿಂದ ನೋಡಿ.

ಮೈಲೋನ ಲೆಕ್ಕ ನೋಡಿ, ಅರ್ಥವಾಗುತ್ತದೆ. ಅವನು ಊಟದ ಮನೆಯ ಅಧಿಕಾರಿ. ಮೊದಲು ಮೊಟ್ಟೆ ವ್ಯಾಪಾರ. ಆಮೇಲೆ ದೇಶದೇಶಗಳ ಜೊತೆ ಸಿಂಡಿಕೇಟು. ‘ಎಲ್ಲರಿಗೂ ಪಾಲಿದೆ’ ಅನ್ನುತ್ತಾನೆ. ಕೊನೆಗೆ ಜರ್ಮನರ ಜೊತೆ ಕರಾರು ಮಾಡಿಕೊಂಡು ತನ್ನ ದಳದ ಮೇಲೆ ತಾನೇ ಬಾಂಬ್ ಹಾಕಿಸುತ್ತಾನೆ. ಇಷ್ಟಕ್ಕೂ ನಾವು ಹುಬ್ಬೇರಿಸಿಕೊಂಡು ನಗುತ್ತೇವೆ. ಆದರೆ ಸ್ನೋಡನ್ ನೋವಿನಲ್ಲಿ ನರಳುವಾಗ ಯೊಸಾರಿಯನ್ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ತೆಗೆದು ನೋಡಿದರೆ ನೋವು ತಗ್ಗಿಸುವ ಮಾರ್ಫಿನ್ ಇಲ್ಲ. ಅದರ ಜಾಗದಲ್ಲಿ ಮೈಲೋನ ಚೀಟಿ ಇದೆ. ಕಂಪನಿಗೆ ಒಳ್ಳೆಯದಾದದ್ದು ದೇಶಕ್ಕೂ ಒಳ್ಳೆಯದು ಅಂತ. ಮೊಟ್ಟೆಯ ಸಾಲ ವಸೂಲಾಯಿತು. ನೀವು ಬರೆಯುವ ಸರಣಿಯಲ್ಲಿ ಏನನ್ನಾದರೂ ಕತ್ತರಿಸಿ, ಈ ಚೀಟಿಯನ್ನು ಮಾತ್ರ ಕತ್ತರಿಸಬೇಡಿ.

ಹೆಜ್ಜೆ 3: ನೇರವಾಗಿ ಹೇಳುತ್ತೀರೋ, ಸುತ್ತಿ ಸುತ್ತಿ ಹೇಳುತ್ತೀರೋ?

ಈಗ ದೊಡ್ಡ ತೀರ್ಮಾನ. 1970ರ ಸಿನಿಮಾ ಪುಸ್ತಕದ ಹಾಗೇ ಸುತ್ತಿತು. ಮೈಕ್ ನಿಕೋಲ್ಸ್ ನಿರ್ದೇಶನ, ಬಕ್ ಹೆನ್ರಿ ಚಿತ್ರಕಥೆ. ಸ್ನೋಡನ್ ಸೀನು ಕೆಟ್ಟ ಕನಸಿನ ಹಾಗೆ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲ ಸ್ವಲ್ಪ ಜಾಸ್ತಿ ಕಾಣುತ್ತದೆ. 2019ರ ಸರಣಿ ಬರೆದವರು ಲೂಕ್ ಡೇವಿಸ್ ಮತ್ತು ಡೇವಿಡ್ ಮಿಶೋ. ಅವರು ಇಡೀ ಕಥೆಯನ್ನು ಬಿಚ್ಚಿ, ಕಾಲಕ್ರಮಕ್ಕೆ ತಂದು ಹೊಲಿದರು. ಪುಸ್ತಕದಲ್ಲಿ ಎಂಟನೇ ಅಧ್ಯಾಯದಲ್ಲಿ ಬರುವ ತರಬೇತಿ ಶಿಬಿರ ಅಲ್ಲಿ ಶುರುವಿನಲ್ಲೇ ಬರುತ್ತದೆ. ಸ್ನೋಡನ್ ಸಾವು ಕೊನೆಯ ಕಂತಿಗೆ ಹೋಗಿದೆ. ಪುಸ್ತಕದ ಲೆಕ್ಕದಲ್ಲಿ ಅದು ನಡೆಯುವುದು ಎಷ್ಟೋ ಮೊದಲು.

ಯಾವುದು ಸರಿ? ಎರಡರಲ್ಲೂ ಲಾಭ ಇದೆ. ನೇರವಾಗಿ ಹೇಳಿದರೆ ಸಂಖ್ಯೆ ಏರುವುದು ನೋಡುಗರಿಗೆ ಚೆನ್ನಾಗಿ ತಟ್ಟುತ್ತದೆ. ಪ್ರತಿ ಸಲ ಏರಿದಾಗ ‘ಅಯ್ಯೋ’ ಅನ್ನಿಸುತ್ತದೆ. ಮನೆಯಲ್ಲಿ ಕೂತು, ಮಧ್ಯೆ ಎದ್ದು ಹೋಗಿ, ಮೂರು ದಿನ ಬಿಟ್ಟು ಮತ್ತೆ ನೋಡುವವರಿಗೆ ಇದು ಅನುಕೂಲ. ಆದರೆ ಕಳೆದುಕೊಳ್ಳುವುದೂ ಇದೆ. ಪುಸ್ತಕದಲ್ಲಿ ಯೊಸಾರಿಯನ್ ಮೊದಲ ಪುಟದಿಂದಲೇ ಗಾಯಗೊಂಡವನು. ಅವನು ಯಾಕೆ ಹೀಗೆ ಆಡುತ್ತಾನೆ ಅನ್ನುವುದೇ ಗುಟ್ಟು. ನೇರ ಕಥೆಯಲ್ಲಿ ಅವನು ಮೊದಲು ಬರಿಯ ಹೆದರಿದ ಹುಡುಗ, ಆಮೇಲೆ ಗಾಯ. ಆಗ ಪುಸ್ತಕದ ಉದ್ದಕ್ಕೂ ಕಾಡುವ ಆ ತುರಿಕೆ ಇಲ್ಲವಾಗುತ್ತದೆ.

ನನ್ನನ್ನು ಕೇಳಿದರೆ ಮಧ್ಯದ ದಾರಿ ಹಿಡಿಯುತ್ತೇನೆ. ಕಥೆ ನೇರ ನಡೆಯಲಿ. ಒಂದೇ ಒಂದು ಸೀನು ಮಾತ್ರ ಕಾಲಕ್ಕೆ ಸಿಕ್ಕದೆ ಪ್ರತಿ ಕಂತಿನಲ್ಲೂ ಒಂದು ಸಲ ಇಣುಕಲಿ. ಚಿತ್ರವೂ ಬೇಡ, ‘ಚಳಿ’ ಅನ್ನುವ ದನಿ ಸಾಕು. ಒಂದಕ್ಕಿಂತ ಜಾಸ್ತಿ ಸೀನು ಹೀಗೆ ಅಲೆದಾಡಿದರೆ ನೋಡುಗರು ರಿಮೋಟ್ ತೆಗೆದುಕೊಳ್ಳುತ್ತಾರೆ.

ಹೆಜ್ಜೆ 4: ನಗುವನ್ನು ಮೂರು ಡಬ್ಬಿಗೆ ಹಾಕಿ

ಕಾದಂಬರಿಯಲ್ಲಿ ನಗು ಬಂದ ಕಡೆಗಳನ್ನೆಲ್ಲ ಪಟ್ಟಿ ಮಾಡಿ, ಮೂರಾಗಿ ವಿಂಗಡಿಸಿ.

ಸನ್ನಿವೇಶದ ನಗು ಮೊದಲನೆಯದು. ಮೇಜರ್ ಮೇಜರ್ (ಹೆಸರೂ ಅದೇ, ಹುದ್ದೆಯೂ ಅದೇ) ಅನ್ನುವ ಅಧಿಕಾರಿಯನ್ನು ನೋಡಬೇಕಾದರೆ ಅವನು ಆಫೀಸಿನಲ್ಲಿ ಇಲ್ಲದಾಗ ಮಾತ್ರ ಒಳಗೆ ಬಿಡುತ್ತಾರೆ. ಅವನು ಒಳಗಿದ್ದರೆ ಹೊರಗೆ ಕಾಯಬೇಕು. ಇದನ್ನು ಕ್ಯಾಮೆರಾ ಇಟ್ಟು ಸುಮ್ಮನೆ ಹಿಡಿದರೆ ಸಾಕು. ಸರ್ಕಾರಿ ಕಚೇರಿಯ ಬೆಂಚಿನ ಮೇಲೆ ಅರ್ಧ ದಿನ ಕಳೆದ ಯಾರಿಗೂ ವಿವರಣೆ ಬೇಕಾಗಿಲ್ಲ, ಅಲ್ವಾ?

ಎರಡನೆಯದು ಮಾತಿನ ನಗು. ತರಬೇತಿ ಶಿಬಿರದಲ್ಲಿ ಕ್ಲೆವಿಂಜರ್ ಅನ್ನುವ ಹುಡುಗನ ವಿಚಾರಣೆ ನಡೆಯುತ್ತದೆ. ನೀನು ಯಾವಾಗ ಹಾಗೆ ಹೇಳಲಿಲ್ಲ ಅಂತ ಕೇಳುತ್ತಾರೆ. ಇಂಥದ್ದು ನಾಟಕದ ಹಾಗೆ ಎತ್ತಿಕೊಳ್ಳಲು ಸಿದ್ಧವಾಗೇ ಇರುತ್ತದೆ. ಆದರೆ ಉದ್ದ ಕಡಿಮೆ ಮಾಡಿ. ಓದುವಾಗ ಆರು ಪುಟ ಖುಷಿ ಕೊಟ್ಟದ್ದು ತೆರೆಯ ಮೇಲೆ ಎರಡು ನಿಮಿಷಕ್ಕೆ ಹಳಸುತ್ತದೆ.

ಕಷ್ಟ ಕೊಡುವುದು ಮೂರನೆಯದು, ಬರೆಯುವವನ ವಾಕ್ಯದ ಒಳಗೆ ಅಡಗಿರುವ ನಗು. ಮೈಲೋನ ಮೊಟ್ಟೆ ಲೆಕ್ಕ ಇದೇ ಜಾತಿ. ಮಾಲ್ಟಾದಲ್ಲಿ ಮೊಟ್ಟೆಗೆ ಏಳು ಸೆಂಟ್ ಕೊಟ್ಟು ಕೊಳ್ಳುತ್ತಾನೆ, ಐದು ಸೆಂಟಿಗೆ ಮಾರುತ್ತಾನೆ, ಆದರೂ ಲಾಭ. ಯಾಕೆಂದರೆ ಮಾಲ್ಟಾದವರಿಗೆ ಆ ಮೊಟ್ಟೆಯನ್ನು ನಾಲ್ಕೂಕಾಲು ಸೆಂಟಿಗೆ ಮಾರಿದವನೂ ಅವನೇ. ಪುಸ್ತಕದಲ್ಲಿ ಹಿಂದೆ ಹೋಗಿ ಮತ್ತೆ ಓದಿ ನಗುತ್ತೇವೆ. ಟೀವಿಯಲ್ಲಿ ಮಾತು ಹಾರಿಹೋಗುತ್ತದೆ. ಹಾಗಂತ ಹಿನ್ನೆಲೆ ಧ್ವನಿ ಹಾಕಿ ವಾಕ್ಯವನ್ನು ಓದಿಸಬೇಡಿ, ಅದು ಸೋಮಾರಿ ಕೆಲಸ. ವಾಕ್ಯವನ್ನು ವಸ್ತುವಿಗೆ ಬದಲಿಸಿ. ಒಂದೇ ಮೊಟ್ಟೆ ಪೆಟ್ಟಿಗೆ. ಪ್ರತಿ ಬಂದರಿನಲ್ಲಿ ಅದರ ಮೇಲೆ ಸೀಮೆಸುಣ್ಣದಲ್ಲಿ ಒಂದು ಬೆಲೆ. ಅಳಿಸಿ ಇನ್ನೊಂದು. ಕೊನೆಗೆ ಹೊರಟ ಜಾಗಕ್ಕೇ ಪೆಟ್ಟಿಗೆ ಬಂದು ನಿಲ್ಲುತ್ತದೆ. ಮೈಲೋ ಜೇಬಿಗೆ ದುಡ್ಡು ಹಾಕಿಕೊಳ್ಳುತ್ತಾನೆ. ಲೆಕ್ಕ ಅರ್ಥವಾಗದಿದ್ದರೂ ಮೋಸ ಅರ್ಥವಾಗುತ್ತದೆ.

ನಟರಿಗೆ ಒಂದೇ ಸೂಚನೆ: ಇದು ತಮಾಷೆ ಅಂತ ಪಾತ್ರಕ್ಕೆ ಗೊತ್ತಿರಬಾರದು. ಕ್ಯಾಥ್‌ಕಾರ್ಟ್‌ಗೆ ನಿಜವಾಗಿಯೂ ಬಡ್ತಿ ಬೇಕು. ಮೈಲೋಗೆ ನಿಜವಾಗಿಯೂ ದೇಶಸೇವೆಯ ನಂಬಿಕೆ ಇದೆ.

ನಗುವಿನ ಧ್ವನಿಪಟ್ಟಿ ಹಾಕಿ ಅಂತ ಚಾನೆಲ್‌ನವರು ಕೇಳಿದರೆ ‘ಮ್ಯಾಶ್’ ಸರಣಿಯ ಕಥೆ ಹೇಳಿ. ಕೊರಿಯಾ ಯುದ್ಧದ ಆಸ್ಪತ್ರೆಯೊಂದರ ಮೇಲಿನ 1968ರ ಕಾದಂಬರಿ, 1970ರಲ್ಲಿ ಸಿನಿಮಾ, 1972ರಿಂದ 1983ರವರೆಗೆ ಟೀವಿ ಸರಣಿ. ಯುದ್ಧ ನಡೆದದ್ದು ಮೂರು ವರ್ಷ, ಸರಣಿ ನಡೆದದ್ದು ಹನ್ನೊಂದು! ಅಲ್ಲಿ ಚಾನೆಲ್‌ನವರು ನಗು ಹಾಕಿಸಿಯೇ ಹಾಕಿಸಿದರು. ಆದರೆ ಆಪರೇಷನ್ ಕೋಣೆಯ ಸೀನುಗಳಲ್ಲಿ ನಗು ಬೇಡ ಅಂತ ಸರಣಿ ಮಾಡಿದವರು ಹಟ ಹಿಡಿದು ಗೆದ್ದರು. ಬ್ರಿಟನ್ನಿನ ಬಿಬಿಸಿ ನಗುವೇ ಇಲ್ಲದೆ ಪ್ರಸಾರ ಮಾಡಿತು.

ಹೆಜ್ಜೆ 5: ಜನರನ್ನು ಕಡಿಮೆ ಮಾಡಿ

ಹತ್ತಾರು ಪಾತ್ರಗಳನ್ನು ಹಸಿರು ಸಮವಸ್ತ್ರದಲ್ಲಿ, ಒಂದೇ ಥರ ಕ್ರಾಪಿನಲ್ಲಿ ನಿಲ್ಲಿಸಿದರೆ ಯಾರು ಯಾರೆಂದು ದೇವರಿಗೂ ತಿಳಿಯುವುದಿಲ್ಲ. ಒಂದೇ ಕೆಲಸ ಮಾಡುವ ಇಬ್ಬರನ್ನು ಒಬ್ಬನನ್ನಾಗಿ ಮಾಡಿ. ಸಾಯಬೇಕಾದವರಿಗೆ ಸಾಯುವ ಮೊದಲು ಒಂದಾದರೂ ನೆನಪಿನಲ್ಲಿ ಉಳಿಯುವ ಅಭ್ಯಾಸ ಕೊಡಿ. ಯೊಸಾರಿಯನ್ ಜೊತೆ ಡೇರೆಯಲ್ಲಿರುವ ಓರ್ ಯಾವಾಗಲೂ ಒಲೆ ರಿಪೇರಿ ಮಾಡುತ್ತಾ ಕೂತಿರುತ್ತಾನಲ್ಲ, ಆ ಥರ.

ಇಲ್ಲಿ ಒಂದು ಎಚ್ಚರಿಕೆ. 2019ರ ಸರಣಿಯಲ್ಲಿ ಸೈನ್ಯದ ಪಾದ್ರಿಯ ಪಾತ್ರವನ್ನು ಬಹಳ ಸಣ್ಣದು ಮಾಡಿದ್ದಾರೆ. ನನಗೆ ಅದು ನಷ್ಟ ಅನ್ನಿಸಿತು. ಪುಸ್ತಕದಲ್ಲಿ ಅವನನ್ನು ನೆಲಮಾಳಿಗೆಗೆ ಕರೆದೊಯ್ದು, ಏನು ತಪ್ಪು ಅಂತಲೂ ಹೇಳದೆ ವಿಚಾರಣೆ ಮಾಡುತ್ತಾರೆ. ಯೊಸಾರಿಯನ್ ಜಗಳಗಂಟ, ಅವನಿಗೆ ಏನಾದರೂ ಆದರೆ ‘ಬೇಕಿತ್ತು’ ಅನ್ನಬಹುದು. ಪಾದ್ರಿ ಸಾಧು. ಅವನಿಗೂ ಹೀಗಾಗುತ್ತದೆ ಅಂದಾಗಲೇ ವ್ಯವಸ್ಥೆಯ ಮೇಲೆ ಭಯ ಹುಟ್ಟುವುದು. ಕತ್ತರಿಸುವಾಗ ನಗಿಸುವವರನ್ನೇ ಉಳಿಸಿಕೊಂಡು ಮೆತ್ತಗಿನವರನ್ನು ಬಿಡುವ ಆಸೆ ಬರುತ್ತದೆ. ತಡೆದುಕೊಳ್ಳಿ.

ಹೆಣ್ಣು ಪಾತ್ರಗಳ ವಿಷಯದಲ್ಲಿ ಹಳೆಯ ಪುಸ್ತಕಕ್ಕೆ ನಿಷ್ಠೆ ಬೇಕಾಗಿಲ್ಲ. ರೋಮ್‌ನಲ್ಲಿ ದಳದ ನೇಟ್ಲಿ ಅನ್ನುವವನು ಪ್ರೀತಿಸುವ ಹುಡುಗಿಗೆ ಇಡೀ ಕಾದಂಬರಿಯಲ್ಲಿ ಒಂದು ಹೆಸರೂ ಇಲ್ಲ. ಕನಿಷ್ಠ ಹೆಸರಾದರೂ ಇಡಿ.

ಹೆಜ್ಜೆ 6: ಒನ್‌ಲೈನ್

ಪ್ರತಿ ಕಂತಿಗೂ ಅದರ ಕಥೆಯನ್ನು ಒಂದೇ ಸಾಲಿನಲ್ಲಿ ಹೇಳುವ ಒಂದು ಒನ್‌ಲೈನ್, ಅದರ ತಲೆಯ ಮೇಲೆ ಒಂದು ಸಂಖ್ಯೆ. ಕಂತಿನ ಶುರುವಿನಲ್ಲಿ ಯೊಸಾರಿಯನ್‌ಗೆ ಎಷ್ಟು ಮಿಷನ್ ಬಾಕಿ, ಕೊನೆಯಲ್ಲಿ ಎಷ್ಟು ಬಾಕಿ. ಕೊನೆಯಲ್ಲಿ ಬಾಕಿ ಜಾಸ್ತಿಯಾಗಿದ್ದರೆ ಕಂತು ಸರಿಯಾಗಿದೆ ಅಂತ ಲೆಕ್ಕ. ಆಮೇಲೆ ಗಾದೆಯ ಪರೀಕ್ಷೆ ಮಾಡಿ: ಈ ಕಂತಿನಲ್ಲಿ ಅವನು ಹೊರಬರಲು ಯಾವ ಬಾಗಿಲು ತಟ್ಟಿದ? ಅದೇ ಬಾಗಿಲು ಅವನನ್ನು ಹೇಗೆ ಒಳಕ್ಕೆ ತಳ್ಳಿತು? ಒಂದು ಕಂತಿನಲ್ಲಿ ಡಾಕ್ಟರು, ಇನ್ನೊಂದರಲ್ಲಿ ಆಸ್ಪತ್ರೆಯ ಹಾಸಿಗೆ, ಮತ್ತೊಂದರಲ್ಲಿ ಮೇಲಧಿಕಾರಿ. ಬಾಗಿಲು ಬದಲಾಗುತ್ತಿರಲಿ, ತಳ್ಳುವುದು ಮಾತ್ರ ಒಂದೇ ಥರ ಇರಲಿ.

ಹೆಜ್ಜೆ 7: ವಿಮಾನ ಎಷ್ಟು ಬೇಕು?

1970ರ ಸಿನಿಮಾಕ್ಕೆ ಹಾರುವ ಸ್ಥಿತಿಯಲ್ಲಿದ್ದ 17 ಬಿ-25 ವಿಮಾನಗಳನ್ನು ಮೆಕ್ಸಿಕೋದ ಸಮುದ್ರ ತೀರಕ್ಕೆ ತಂದಿದ್ದರು. ಸಾಲಾಗಿ ಮೇಲೇಳುವ ಆ ದೃಶ್ಯ ಈಗಲೂ ಮೈ ಜುಮ್ಮೆನ್ನಿಸುತ್ತದೆ. ಆದರೆ ಅಷ್ಟು ದುಡ್ಡು ಸುರಿದು ತೋರಿಸಿದ ವಿಮಾನ ನೋಡಿದರೆ ಯುದ್ಧದ ಮೇಲೆ ಸ್ವಲ್ಪ ಪ್ರೀತಿ ಬಂದುಬಿಡುತ್ತದೆ. ವಿಡಂಬನೆಗೆ ಅದು ಅಪಾಯ.

ಕಡಿಮೆ ಬಜೆಟ್ ಇರುವವರಿಗೆ ಒಳ್ಳೆಯ ಸುದ್ದಿ ಇದೆ. ಈ ಕಥೆಗೆ ಬೇಕಾದದ್ದು ವಿಮಾನದ ಒಳಗು. ಬಾಂಬ್ ಹಾಕುವವನು ಮೂತಿಯ ಗಾಜಿನ ಗೂಡಿನಲ್ಲಿ ಕೂರುತ್ತಾನೆ. ಅವನಿಗೂ ಹೊರಗೆ ಹಾರುವ ಬಾಗಿಲಿಗೂ ಮಧ್ಯೆ ತೆವಳಿಕೊಂಡೇ ಹೋಗಬೇಕಾದ ಕಿರಿದಾದ ಸುರಂಗ. ಯೊಸಾರಿಯನ್‌ಗೆ ಆ ಸುರಂಗ ಕಂಡರೆ ಆಗುವುದಿಲ್ಲ. ಒಂದು ಗಾಜಿನ ಗೂಡು, ಒಂದು ಸುರಂಗ, ಹಿಂಭಾಗದ ಒಂದು ತುಂಡು ಸೆಟ್ ಹಾಕಿದರೆ ಅರ್ಧ ಕಥೆ ತೆಗೆಯಬಹುದು.

ಲೊಕೇಶನ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಪಿಯನೋಸಾ ಎಲ್ಬಾದ ಹತ್ತಿರ ಇರುವ ನಿಜವಾದ ದ್ವೀಪ. ಇಷ್ಟೆಲ್ಲ ನಡೆಯುವಷ್ಟು ಜಾಗ ಅಲ್ಲಿಲ್ಲ ಅಂತ ಹೆಲ್ಲರ್ ಅವರೇ ಪುಸ್ತಕದ ಆರಂಭದಲ್ಲಿ ಒಪ್ಪಿಕೊಂಡಿದ್ದಾರೆ. 2019ರವರು ಸಾರ್ಡೀನಿಯಾಕ್ಕೆ ಹೋದರು.

ಹೆಜ್ಜೆ 8: ಮುಕ್ತಾಯ

ಪುಸ್ತಕದಲ್ಲಿ ಕೊನೆಗೆ ಒಂದು ಸುದ್ದಿ ಬರುತ್ತದೆ. ಸತ್ತನೆಂದುಕೊಂಡಿದ್ದ ಓರ್ ಸಣ್ಣ ದೋಣಿಯಲ್ಲಿ ಸ್ವೀಡನ್ ತಲುಪಿದ್ದಾನೆ. ಯೊಸಾರಿಯನ್ ಕೂಡ ಓಡಿಹೋಗಲು ಹೊರಡುತ್ತಾನೆ. ಸರಣಿಯವರು ಹಾಗೆ ಮಾಡಲಿಲ್ಲ. ಸ್ನೋಡನ್ ಸತ್ತ ಮೇಲೆ ಯೊಸಾರಿಯನ್ ಬಟ್ಟೆಯಿಲ್ಲದೆ ಮತ್ತೆ ವಿಮಾನದಲ್ಲಿ ಕೂತಿದ್ದಾನೆ. ಹಾರಾಟ ಮುಗಿದಿಲ್ಲ. ಎಷ್ಟೋ ಓದುಗರಿಗೆ ಇದು ಸಿಟ್ಟು ತರಿಸಬಹುದು. ನನಗೆ ಒಪ್ಪಿಗೆಯಾಯಿತು. ನಗು ನಿಲ್ಲುವ ಜಾಗವನ್ನು ಕೊನೆಗೆ ಸರಿಸಿದ ಮೇಲೆ, ಅದರ ಬೆನ್ನಿಗೇ ‘ಅವನು ತಪ್ಪಿಸಿಕೊಂಡ’ ಅಂದರೆ ಆ ಸಾವು ಅಗ್ಗವಾಗುತ್ತಿತ್ತು. ಪುಸ್ತಕದ ಜೋಡಣೆಗೆ ಪುಸ್ತಕದ ಕೊನೆ ಹೊಂದುತ್ತದೆ. ನೀವು ಜೋಡಣೆ ಬದಲಿಸಿದ್ದರೆ ಕೊನೆಯನ್ನೂ ಬದಲಿಸುವ ಧೈರ್ಯ ಬೇಕು.

ಹೆಜ್ಜೆ 9: ಹಕ್ಕು

ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಹೆಲ್ಲರ್ ತೀರಿಕೊಂಡಿದ್ದು 1999ರಲ್ಲಿ. ಹಾಗಾಗಿ ಈ ಪುಸ್ತಕದ ಮೇಲೆ ಮನೆಯಲ್ಲಿ ಕೂತು ಅಭ್ಯಾಸ ಮಾಡಿ, ಹಕ್ಕು ಕೊಳ್ಳದೆ ತೆರೆಗೆ ತರಬೇಡಿ. ಹಕ್ಕು ಮುಗಿದ ಪುಸ್ತಕವೇ ಬೇಕಿದ್ದರೆ ಜೆಕ್ ಲೇಖಕ ಯರೊಸ್ಲಾವ್ ಹಾಶೆಕ್ ಬರೆದ ಶ್ವೇಕ್ ಅನ್ನುವ ಸಿಪಾಯಿಯ ಕಥೆ ಇದೆ. ಅವರು 1923ರಲ್ಲೇ ತೀರಿಕೊಂಡರು, ಕಥೆಯನ್ನು ಮುಗಿಸದೆಯೇ. ಮೇಲಧಿಕಾರಿಯ ಮಾತನ್ನು ಅಕ್ಷರಶಃ ಪಾಲಿಸಿಯೇ ಸೈನ್ಯವನ್ನು ಹಾಳು ಮಾಡುವವನು ಈ ಶ್ವೇಕ್. ಆದರೆ ನೀವು ಓದುವ ಅನುವಾದಕ್ಕೆ ಬೇರೆ ಹಕ್ಕು ಇರಬಹುದು, ಅದನ್ನು ನೋಡಿಕೊಳ್ಳಿ.

ಹೆಜ್ಜೆ 10: ಗಟ್ಟಿಯಾಗಿ ಓದಿಸಿ

ಐದಾರು ಸ್ನೇಹಿತರನ್ನು ಕೂರಿಸಿ. ಪುಸ್ತಕ ಓದದವರಾದರೆ ಇನ್ನೂ ಒಳ್ಳೆಯದು. ಚಹಾ ಕೊಡಿ, ಸ್ಕ್ರಿಪ್ಟ್ ಹಂಚಿ, ಒಂದೊಂದು ಪಾತ್ರ ಕೊಟ್ಟು ಜೋರಾಗಿ ಓದಿಸಿ. ನೀವು ಓದಬೇಡಿ. ಪೆನ್ಸಿಲ್ ಹಿಡಿದು ಅವರು ನಕ್ಕ ಕಡೆ ಒಂದು ಗೀರು ಎಳೆಯಿರಿ, ಅಷ್ಟೇ.

ಮೊದಲ ಕಂತಿನ ಹಾಳೆಗಳು ಗೀರುಗಳಿಂದ ತುಂಬಿರಬೇಕು. ನಾಲ್ಕನೆಯದರ ಹೊತ್ತಿಗೆ ವಿರಳವಾಗಬೇಕು. ಸ್ನೋಡನ್ ಸೀನಿನ ಹಾಳೆಯಲ್ಲಿ ಒಂದೂ ಇರಬಾರದು. ಮೊದಲ ಸಲ ಓದಿಸಿದಾಗ ಇದ್ದೇ ಇರುತ್ತದೆ. ಮಾರ್ಫಿನ್ ಜಾಗದಲ್ಲಿ ಚೀಟಿ ಸಿಕ್ಕಿದಾಗ ಯಾರಾದರೂ ಕಿಸಕ್ಕನೆ ನಗುತ್ತಾರೆ. ಆಗ ಆ ಸೀನಿಗೆ ಕೈ ಹಾಕಬೇಡಿ. ಮೊಟ್ಟೆಯ ಪೆಟ್ಟಿಗೆ ಮೊದಲ ಸಲ ಬಂದ ಸೀನಿಗೆ ಹೋಗಿ, ಅಲ್ಲಿಂದ ತಿದ್ದುತ್ತಾ ಬನ್ನಿ.